ಉದುರದ ತೆನೆ

ಫೆಬ್ರವರಿ ೯

ಅಳಿಯಂದಿರಿಗೆ ಆಶೀರ್ವಾದಗಳು.

ನಾನು ಕ್ಷೇಮ. ಹೋದ ವಾರ ನೀವು ಫೋನು ಮಾಡಿದಾಗ ಅಂಗಡಿಯಲ್ಲಿ ನನ್ನ ಜೊತೆ ಕ್ಷೌರ ಮಾಡುವ ಎರಡನೇ ಕುರ್ಚಿಯವನು ಅದನ್ನು ತಂದು ನನ್ನ ಕಿವಿಗೆ ಹಿಡಿದ. ನನಗೆ ಕೇಳಿಸಿದ್ದು ಬರೀ ಜೇನ್ನೊಣದ ಸದ್ದು. ಕಿವಿ ಪೂರ್ತಿ ಹೋದ ಹಾಗೆಯೇ. ಕ್ಷೌರಕ್ಕೆ ಕೂತವರಿಗೆ ಇದರಿಂದ ತೊಂದರೆಯಿಲ್ಲ. ಅವರು ಮಾತಾಡುತ್ತಾರೆ, ನಾನು ತಲೆಯಾಡಿಸುತ್ತೇನೆ, ಇಬ್ಬರಿಗೂ ಸುಖ. ನಿಮ್ಮ ಮಾತಿಗೆ ಹಾಗೆ ತಲೆಯಾಡಿಸಲಾಗದು. ಅದಕ್ಕೇ ಈ ಕಾಗದ.

ಮಗಳು ಹೋಗಿ ಮೂರು ತಿಂಗಳಾಯಿತು. ನಿದ್ದೆಯಲ್ಲೇ ಹೋದಳು ಎಂದು ಅವತ್ತು ನೀವು ಹೇಳಿದಿರಲ್ಲ, ಆ ಒಂದು ಮಾತನ್ನು ಹಿಡಿದುಕೊಂಡು ಓಡಾಡುತ್ತಿದ್ದೇನೆ.

ನಿಮ್ಮನ್ನು ಒಂದು ಕೇಳಬೇಕಿತ್ತು. ನಿಮ್ಮ ಕಟ್ಟಡದ ತಾರಸಿಯ ಮೇಲೆ ಮರದ ಪೆಟ್ಟಿಗೆಗಳಲ್ಲಿ ಅವಳೊಂದು ಹುಲ್ಲು ಬೆಳೆಸುತ್ತಿದ್ದಳು. ನೋಡಲು ನವಣೆಯ ಹಾಗೆ, ಆದರೆ ನವಣೆಯಲ್ಲ, ಅದರ ದೂರದ ದಾಯಾದಿ ಎಂದು ಬರೆದಿದ್ದಳು. ಅವಳು ಮಾಲಿಯಾಗಿದ್ದ ಉದ್ಯಾನದ ಬೇಲಿಯ ಬುಡದಲ್ಲಿ ಒಂದೇ ಒಂದು ಗಿಡ ಸಿಕ್ಕಿತಂತೆ. ಆ ಜಾತಿಯ ಹುಲ್ಲು ಕಾಳು ಮಾಗಿದ ಕೂಡಲೇ ಉದುರಿಸಿಬಿಡುತ್ತದೆ. ಇದೊಂದು ಮಾತ್ರ ಉದುರಿಸದೆ ನಿಂತಿತ್ತು. ಅದರ ಬೀಜವನ್ನೇ ಆರಿಸಿ ಆರಿಸಿ ವರ್ಷ ವರ್ಷ ಬಿತ್ತಿ ಒಂದು ವಂಶವನ್ನೇ ಮಾಡಿದಳು. 'ಅಪ್ಪಾ, ಒಣಗಿದ ತೆನೆ ಹಿಡ್ಕೊಂಡು ಅಲ್ಲಾಡಿಸಿದ್ರೂ ಒಂದು ಕಾಳು ಬೀಳಲ್ಲ. ಅಂಗೈಲಿ ಉಜ್ಜಿದ್ರೇನೇ ಬರೋದು. ಇದು ನಂದು' ಎಂದು ಬರೆದಿದ್ದಳು. ನಮ್ಮ ಮನೆಯಲ್ಲಿ ಕತ್ತರಿ ಬಿಟ್ಟು ಬೇರೆ ಯಾವುದನ್ನೂ ನಂದು ಎಂದವರಿಲ್ಲ.

ಅದರ ಬೀಜ ಸ್ವಲ್ಪ ಕಳಿಸುತ್ತೀರಾ? ಅಂಗಡಿಯ ತಾರಸಿ ಖಾಲಿ ಬಿದ್ದಿದೆ.

ಇಂತಿ ನಿಮ್ಮ ಮಾವ


ಮಾರ್ಚ್ ೨

ಮಾವನವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು, ಕ್ಷಮಿಸಿ. ಒಂದು ಆಸ್ಪತ್ರೆಯ ಲಿಫ್ಟು ಕೆಟ್ಟಿತ್ತು, ರಿಪೇರಿಗೆಂದು ವಾರವೆಲ್ಲ ಅದರ ಕೆಳಗಿನ ಗುಂಡಿಯಲ್ಲೇ ಇದ್ದೆ. ಮನೆಗೆ ಬಂದರೆ ಗ್ರೀಸು ತೊಳೆದು ಮಲಗುವುದಷ್ಟೇ.

ಬೀಜ ಎಲ್ಲೋ ಡಬ್ಬಿಯಲ್ಲಿರಬೇಕು, ಹುಡುಕುತ್ತೇನೆ. ಆದರೆ ಮಾವ, ಆ ಹುಲ್ಲಿಗೆ ಆರೈಕೆ ಬಹಳ. ಈ ವಯಸ್ಸಿನಲ್ಲಿ ನಿಮಗೇಕೆ ಆ ಉಸಾಬರಿ? ಬೇಡವೆನಿಸಿದರೆ ಒಂದು ಸಾಲು ಬರೆಯಿರಿ, ನಾನೇನೂ ತಪ್ಪು ತಿಳಿದುಕೊಳ್ಳುವುದಿಲ್ಲ.

ಇಂತಿ ನಿಮ್ಮ ಅಳಿಯ


ಮಾರ್ಚ್ ೮

ಅಳಿಯಂದಿರಿಗೆ ಆಶೀರ್ವಾದಗಳು.

ಬೇಡವೆನಿಸಿಲ್ಲ. ಬೇಕು.

ಬದುಕೆಲ್ಲ ನಿಂತುಕೊಂಡು ಊರವರ ತಲೆಯ ಹುಲ್ಲು ಕತ್ತರಿಸಿದವನಿಗೆ ಕೂತುಕೊಂಡು ನಾಲ್ಕು ಕಡ್ಡಿ ಹುಲ್ಲು ಬೆಳೆಸುವುದು ಭಾರವೇ? ತಲೆ ತೊಳೆಯುವ ಹಳೆಯ ಬೇಸಿನ್ನುಗಳನ್ನು ಗುಜರಿಗೆ ಹಾಕದೆ ಇಟ್ಟಿದ್ದೆ. ಅದರಲ್ಲಿ ನೀರು ಹೋಗಲು ತೂತಿದೆ, ಒಳಗೆ ಆಳವಿದೆ, ಗಿಡಕ್ಕೆ ಇನ್ನೇನು ಬೇಕು? ಎಲ್ಲವನ್ನೂ ತಾರಸಿಗೆ ಏರಿಸಿ ಮಣ್ಣು ತುಂಬಿಸಿದ್ದಾಯಿತು. ಎರಡನೇ ಕುರ್ಚಿಯವನು ಏಣಿ ಹಿಡಿದುಕೊಂಡು, 'ಯಜಮಾನ್ರೇ, ಕಿವಿ ಹೋಯ್ತು, ಸಾಕು! ಕಾಲೂ ಕಳ್ಕೋಬೇಡಿ!' ಎಂದು ಕೂಗಿದ. ಅದು ನನಗೂ ಕೇಳಿಸಿತು ಎಂದರೆ ಬೀದಿಗೆಲ್ಲ ಕೇಳಿಸಿರಬೇಕು.

ಬೀಜದ ಜೊತೆಗೆ, ಅವಳು ಹೇಗೆ ಬಿತ್ತುತ್ತಿದ್ದಳು, ಎಷ್ಟು ನೀರು ಹಾಕುತ್ತಿದ್ದಳು, ಎಲ್ಲ ಬರೆಯಿರಿ. ನಾನು ದೂರದವನು. ಜೊತೆಗಿದ್ದವರು ನೀವು, ನೋಡಿರುತ್ತೀರಿ.

ಇಂತಿ ನಿಮ್ಮ ಮಾವ


ಮಾರ್ಚ್ ೩೦

ಮಾವನವರಿಗೆ ನಮಸ್ಕಾರಗಳು.

ಪೊಟ್ಟಣ ಇದರ ಜೊತೆಗಿದೆ. ಡಬ್ಬಿ ಅಡುಗೆಮನೆಯ ಅಟ್ಟದ ಮೇಲಿತ್ತು.

ಕಾಳು ಬಹಳ ಸಣ್ಣದು, ಆದ್ದರಿಂದ ಒಣ ಮರಳಿನ ಜೊತೆ ಬೆರೆಸಿ ಎರಚಬೇಕು. ಮೇಲೆ ತೆಳ್ಳಗೆ ಮಣ್ಣು ಹಾಕಿ. ಮೊಳಕೆ ಬರುವವರೆಗೆ ನೀರು ಚಿಮುಕಿಸಿ, ಸುರಿಯಬೇಡಿ. ಬಿಸಿಲು ಚೆನ್ನಾಗಿ ಬೀಳಬೇಕು. ಸಸಿ ಬೆರಳುದ್ದವಾದ ಮೇಲೆ ದಟ್ಟವಾಗಿರುವ ಕಡೆ ಕೆಲವನ್ನು ಕಿತ್ತು ತೆಳುವು ಮಾಡಬೇಕು. ತೆನೆ ಬಂದಾಗ ಹಕ್ಕಿಗಳಿಂದ ಕಾಯಬೇಕು.

ಕಾಳಿನ ಬಣ್ಣ ಒಂದೇ ಸಮವಿಲ್ಲ, ಅದಕ್ಕೆ ಯೋಚಿಸಬೇಡಿ. ಬೀಜ ಹಳೆಯದು. ಹುಟ್ಟದಿದ್ದರೆ ಬೇಸರವನ್ನೂ ಮಾಡಿಕೊಳ್ಳಬೇಡಿ.

ಇಂತಿ ನಿಮ್ಮ ಅಳಿಯ


ಏಪ್ರಿಲ್ ೧೯

ಅಳಿಯಂದಿರಿಗೆ ಆಶೀರ್ವಾದಗಳು.

ಹುಟ್ಟಿದವು! ಬೆಳಿಗ್ಗೆ ಏಣಿ ಹತ್ತಿ ತಲೆ ಎತ್ತಿದರೆ ಬೇಸಿನ್ನಿನ ತುಂಬ ಹಸಿರು ಕುರುಚಲು, ಎರಡು ದಿನ ಬೋಳಿಸದ ಕೆನ್ನೆಯ ಹಾಗೆ. ಅಲ್ಲೇ ಏಣಿಯ ಮೇಲೆ ನಿಂತು ಅತ್ತೆ. ಕೆಳಗಿನವನು ಕಾಲು ಜಾರಿತೆಂದುಕೊಂಡು ಗಾಬರಿಯಾದ.

ಗಿರಾಕಿಗಳ ತಲೆಗೆ ನೀರು ಹೊಡೆಯುವ ಸ್ಪ್ರೇ ಬಾಟಲಿ ಇದೆಯಲ್ಲ, ಅದರಿಂದಲೇ ಚಿಮುಕಿಸುತ್ತೇನೆ. ಅಂಗಡಿಗೆ ಬಂದವರನ್ನೆಲ್ಲ ಹತ್ತಿಸಿ ತೋರಿಸುತ್ತಿದ್ದೇನೆ. 'ಇದು ನನ್ನ ಮಗಳು ಮಾಡಿದ ಹುಲ್ಲು, ಲೋಕದಲ್ಲಿ ಇನ್ನೆಲ್ಲೂ ಇಲ್ಲ' ಎನ್ನುತ್ತೇನೆ. ಒಬ್ಬ, 'ಹುಲ್ಲನ್ನ ಯಾರಾದ್ರೂ ಮಾಡ್ತಾರೇನ್ರೀ?' ಎಂದು ನನ್ನ ಕಿವಿಯ ಹತ್ತಿರವೇ ಕೂಗಿದ. ಅವನ ಗಡ್ಡ ಅರ್ಧ ಬೋಳಿಸಿ ಕೂರಿಸಿದ್ದೆ, ಇಲ್ಲದಿದ್ದರೆ ಎಬ್ಬಿಸಿ ಕಳಿಸುತ್ತಿದ್ದೆ.

ನಡುವೆ ಎರಡು ಬೇರೆ ಗಿಡಗಳೂ ಎದ್ದಿವೆ, ದಪ್ಪ ಎಲೆ. ಸೂರ್ಯಕಾಂತಿ ಎನ್ನುತ್ತಾನೆ ಎರಡನೇ ಕುರ್ಚಿಯವನು. ಅವಳೇ ಬೆರೆಸಿಟ್ಟಿರಬೇಕು, ಹೂವೆಂದರೆ ಪ್ರಾಣ ಅವಳಿಗೆ. ಹೌದಲ್ಲವೇ?

ಇನ್ನೊಂದು. ತಾರಸಿಯಲ್ಲಿ ಅವಳು ಏನು ಮಾಡುತ್ತಿದ್ದಳು? ಎಲ್ಲಿ ಕೂರುತ್ತಿದ್ದಳು? ನನ್ನ ಕಣ್ಣಿಗೆ ಅವಳು ಇನ್ನೂ ಎರಡು ಜಡೆಯವಳೇ. ದೊಡ್ಡವಳಾದ ಮೇಲಿನದನ್ನು ನಾನು ನೋಡಿದ್ದು ಕಡಿಮೆ.

ಇಂತಿ ನಿಮ್ಮ ಮಾವ


ಏಪ್ರಿಲ್ ೨೭

ಮಾವನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಸಂತೋಷವಾಯಿತು. ಹೌದು, ಸೂರ್ಯಕಾಂತಿ ಅವಳೇ ಬೆರೆಸಿದ್ದು. ಹುಲ್ಲಿನ ನಡುವೆ ಒಂದೆರಡು ಹೂವಿದ್ದರೆ ಚೆಂದ ಎನ್ನುತ್ತಿದ್ದಳು.

ತಾರಸಿಯಲ್ಲಿ ಅವಳು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದಳು. ಬೆಳಗಿನ ಬಿಸಿಲು ಬೆನ್ನಿಗೆ ಬೀಳುವ ಹಾಗೆ. ಚೆನ್ನಾಗಿರುವ ತೆನೆಗಳಿಗೆ ಕೆಂಪು ದಾರ ಕಟ್ಟುತ್ತಿದ್ದಳು, ಮುಂದಿನ ವರ್ಷದ ಬೀಜಕ್ಕೆಂದು. ಕಟ್ಟುವಾಗ ಏನೋ ಗುನುಗುತ್ತಿದ್ದಳು. ನಾನೂ ಕೆಲವು ಸಂಜೆ ಮೇಲೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. 'ಇದರ ಹೆಸರು ಏನಿಡೋಣ?' ಎಂದು ಕೇಳುತ್ತಿದ್ದಳು. ನಿಮ್ಮ ಹೆಸರಿಡೋಣ ಎಂದು ಒಮ್ಮೆ ಹೇಳಿದ್ದಳು.

ಬಿಸಿಲು ಹೆಚ್ಚಾದರೆ ಸಂಜೆಯೂ ಒಮ್ಮೆ ನೀರು ಕೊಡಿ.

ಇಂತಿ ನಿಮ್ಮ ಅಳಿಯ


ಮೇ ೨೨

ಮಗನೇ,

ಇನ್ನು ಮೇಲೆ ನಿನ್ನನ್ನು ನೀನು ಎಂದೇ ಬರೆಯುತ್ತೇನೆ. ಮದುವೆಯಾದಂದಿನಿಂದ 'ಅಳಿಯಂದಿರು, ಬನ್ನಿ, ಕೂತ್ಕೊಳ್ಳಿ' ಎಂದು ಮರ್ಯಾದೆಯ ಕುರ್ಚಿ ಹಾಕಿ ದೂರ ಕೂರಿಸಿದೆ. ನೀನೂ ಬಾಯಿ ಬಿಡದೆ ಕೂತೆ. ನಿನ್ನನ್ನು ಬಿಗುಮಾನದವನು ಎಂದುಕೊಂಡಿದ್ದೆ. ನಿನ್ನ ಆ ಕಾಗದವನ್ನು ಎಷ್ಟು ಸಲ ಓದಿದೆನೋ, ಮಡಿಕೆಯಲ್ಲಿ ಹರಿದು ಎರಡಾಗಿದೆ. ನನ್ನ ಹೆಸರಿಡೋಣ ಎಂದಳೇ? ಹುಚ್ಚಿ!

ತೆಳುವು ಮಾಡುವ ಕೆಲಸ ಮುಗಿಯಿತು. ತಲೆಗೂದಲಾಗಿದ್ದರೆ ನನಗೆ ನಾಲ್ಕು ನಿಮಿಷದ ಕೆಲಸ, ಆದರೆ ಯಾವುದನ್ನು ಕೀಳಲೂ ಕೈ ಬರಲಿಲ್ಲ. ಎಲ್ಲವೂ ಅವಳದ್ದೇ ಅಲ್ಲವೇ? ಕಿತ್ತವನ್ನು ಬಿಸಾಡಲಾರದೆ ಇನ್ನೊಂದು ಬೇಸಿನ್ನಿಗೆ ನೆಟ್ಟೆ. ಅರ್ಧ ಬದುಕಿದವು. ಈಗ ಮೊಣಕಾಲೆತ್ತರ ಬಂದಿವೆ. ಗಾಳಿ ಬೀಸಿದರೆ ಎಲ್ಲ ಒಂದೇ ಕಡೆ ಬೈತಲೆ ತೆಗೆದ ಹಾಗೆ ಬಾಗುತ್ತವೆ. ನನಗೆ ಸದ್ದು ಕೇಳಿಸುವುದಿಲ್ಲ, ನೋಡಿದರೆ ಸಾಕು.

ನಿನಗೆ ರಜೆ ಸಿಕ್ಕರೆ ತೆನೆ ಬರುವ ಹೊತ್ತಿಗೆ ಬಾ. ಇಬ್ಬರೂ ಮೇಲೆ ಕೂರೋಣ. ನಿನ್ನ ತಲೆಯನ್ನೂ ಸರಿ ಮಾಡುತ್ತೇನೆ. ಅವತ್ತು ನೋಡಿದಾಗ ಯಾರೋ ಕುಡುಗೋಲಿನಲ್ಲಿ ಕತ್ತರಿಸಿದ ಹಾಗಿತ್ತು.

ನಿನ್ನ ಮಾವ


ಜೂನ್ ೩

ಮಾವನವರಿಗೆ ನಮಸ್ಕಾರಗಳು.

ರಜೆ ಸಿಗುವುದು ಕಷ್ಟ. ಹೊಸ ಕಟ್ಟಡವೊಂದರ ಕೆಲಸ ಹಿಡಿದಿದ್ದೇವೆ.

ಮಾವ, ಆ ಹುಲ್ಲಿನ ಮೇಲೆ ಅಷ್ಟೊಂದು ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿಯ ಮಣ್ಣು ಬೇರೆ, ನೀರು ಬೇರೆ. ಹೇಗೆ ಬರುತ್ತದೋ ಹೇಳಲಾಗದು. ಗಿರಾಕಿಗಳಿಗೆಲ್ಲ ತೋರಿಸುವುದೂ ಬೇಡ. ನಿಮಗೆ ಒಂದು ವಿಷಯ ಬರೆಯಬೇಕೆಂದುಕೊಂಡಿದ್ದೆ, ಅದು ಎದುರಿಗೆ ಹೇಳುವಂಥದ್ದು. ಇರಲಿ, ಇನ್ನೊಮ್ಮೆ.

ನನ್ನನ್ನು ಮಗ ಎಂದು ಕರೆದಿದ್ದೀರಿ. ನನ್ನ ತಂದೆಯೂ ಹಾಗೆ ಕರೆದದ್ದು ನೆನಪಿಲ್ಲ.

ಇಂತಿ ನಿಮ್ಮ ಅಳಿಯ


ಜುಲೈ ೬

ಮಗನೇ,

ಎದುರಿಗೆ ಹೇಳುವ ವಿಷಯ ಏನೆಂದು ನನಗೆ ಗೊತ್ತು. ಇನ್ನೊಂದು ಮದುವೆಯ ಮಾತು ತಾನೆ? ನಿನಗೆ ಇನ್ನೂ ವಯಸ್ಸಿದೆ. ನನ್ನ ಅಡ್ಡಿಯಿಲ್ಲ. ಅದಕ್ಕಾಗಿ ಸಂಕೋಚಪಡಬೇಡ.

ಈಗ ನನ್ನ ಸಂಕಟ ಕೇಳು. ತೆನೆಗಳು ಬಂದವು, ಬೆಕ್ಕಿನ ಬಾಲದ ಹಾಗೆ ದಪ್ಪ. ಗುಬ್ಬಿಗಳು ಬೀಳಲು ಶುರುವಾದಾಗ ಗಿರಾಕಿಗಳ ಕೊರಳಿಗೆ ಸುತ್ತುವ ಬಿಳಿ ಬಟ್ಟೆಗಳನ್ನು ತಂದು ಹೊದಿಸಿದೆ. ಬೇಸಿನ್ನುಗಳೆಲ್ಲ ಕ್ಷೌರಕ್ಕೆ ಕೂತ ಹಾಗೆ ಕಾಣುತ್ತಿದ್ದವು, ಬೀದಿಯಲ್ಲಿ ಹೋಗುವವರೆಲ್ಲ ನಕ್ಕರು. ಹಗಲೆಲ್ಲ ಕೋಲು ಹಿಡಿದು ಕಾದೆ. ನಿನ್ನೆ ಮಾಗಿರಬೇಕೆಂದು ಬಟ್ಟೆ ತೆಗೆದರೆ ಒಳಗೆಲ್ಲ ಕಾಳೇ ಕಾಳು. ಬಟ್ಟೆ ಜಾಡಿಸಿದರೆ ಕತ್ತರಿಸಿದ ಕೂದಲು ಉದುರಿದ ಹಾಗೆ ಉದುರಿದವು. ತೆನೆ ಮುಟ್ಟಿದರೆ ಬೀಳುತ್ತವೆ, ಉಸಿರು ಬಿಟ್ಟರೂ ಬೀಳುತ್ತವೆ.

ಉದುರಬಾರದಿತ್ತಲ್ಲ? ಉದುರದಿರುವುದೇ ಅಲ್ಲವೇ ಅವಳ ಹುಲ್ಲು?

ನಾನೇನು ತಪ್ಪು ಮಾಡಿದೆ? ಸಂಜೆಯ ನೀರು ಹೆಚ್ಚಾಯಿತೇ? ಕಿತ್ತು ನೆಟ್ಟದ್ದು ತಪ್ಪೇ? ಅವಳ ಅಷ್ಟು ವರ್ಷದ ಕೆಲಸವನ್ನು ಒಂದೇ ಬೆಳೆಯಲ್ಲಿ ಕೆಡಿಸಿಬಿಟ್ಟೆನೇ? ಬೇಗ ಬರೆ. ಊಟ ಸೇರುತ್ತಿಲ್ಲ.

ನಿನ್ನ ಮಾವ


ಜುಲೈ ೨೦

ಮಾವನವರಿಗೆ ನಮಸ್ಕಾರಗಳು.

ಮದುವೆಯ ಮಾತೇನೂ ಇಲ್ಲ.

ನೀವು ಯೋಚಿಸಬೇಡಿ. ನೀರು ಸ್ವಲ್ಪ ಹೆಚ್ಚಾಗಿರಬೇಕು. ಬೇಸಿನ್ನಿನ ಮಣ್ಣೂ ತೆಳುವು. ಕಿತ್ತು ನೆಟ್ಟರೆ ಬೇರು ನೊಂದು ಗುಣ ಬದಲಾಗುವುದೂ ಉಂಟಂತೆ. ನಿಮ್ಮ ತಪ್ಪೆಂದಲ್ಲ, ಅನುಭವವಿಲ್ಲದವರ ಕೈಯಲ್ಲಿ ಹೀಗಾಗುತ್ತದೆ. ಇನ್ನು ಇದನ್ನು ಇಲ್ಲಿಗೆ ಬಿಟ್ಟುಬಿಡಿ. ಹೋದದ್ದು ಹೋಯಿತು. ಆರೋಗ್ಯ ನೋಡಿಕೊಳ್ಳಿ.

ಇಂತಿ ನಿಮ್ಮ ಅಳಿಯ


ಆಗಸ್ಟ್ ೨೧

ಅಳಿಯಂದಿರಿಗೆ,

ಅನುಭವವಿಲ್ಲದವರ ಕೈ ಎಂದು ಬರೆದಿದ್ದಿರಿ. ಆ ಮಾತು ನನ್ನನ್ನು ಮಲಗಗೊಡಲಿಲ್ಲ. ಕೆಡಿಸಿದವನು ನಾನೇ ಆದರೆ ಸರಿಪಡಿಸುವ ದಾರಿಯನ್ನೂ ನಾನೇ ಹುಡುಕಬೇಕೆಂದು ಉದ್ಯಾನದ ಮೇಲ್ವಿಚಾರಕಿಗೆ ಕಾಗದ ಬರೆದೆ. ಮಗಳು ಅವರ ಕೈಕೆಳಗೆ ಕೆಲಸ ಮಾಡಿದವಳು, ಅವರಿಗೆ ಗೊತ್ತಿರುತ್ತದೆ ಎಂದು. ಅವರ ಉತ್ತರ ನಿನ್ನೆ ಬಂತು.

ಉದುರುವುದು, ಉದುರದಿರುವುದು ಬೀಜದ ಗುಣವಂತೆ. ನೀರು ಹೆಚ್ಚಾದರೆ ಬದಲಾಗುವುದಿಲ್ಲವಂತೆ, ಕಿತ್ತು ನೆಟ್ಟರೂ ಬದಲಾಗುವುದಿಲ್ಲವಂತೆ. ಹುಲ್ಲಿನ ಜೊತೆ ಸೂರ್ಯಕಾಂತಿ ಹುಟ್ಟಿದೆಯಾದರೆ ಅದು ಪಂಜರದ ಹಕ್ಕಿಗಳಿಗೆ ಮಾರುವ ಬೆರಕೆ ಕಾಳಂತೆ. ಇಷ್ಟೇ ಬರೆದಿದ್ದರೆ ನೀವು ತಿಳಿಯದೆ ಬೇರೆ ಡಬ್ಬಿ ತೆಗೆದಿರಿ ಎಂದುಕೊಳ್ಳುತ್ತಿದ್ದೆ. ಅವರು ಇನ್ನೂ ಬರೆದಿದ್ದಾರೆ. ಮಗಳು ಹೋದ ವಾರದಲ್ಲೇ ಅವರು ನಿಮ್ಮ ಮನೆಗೆ ಬಂದು, ಉದ್ಯಾನದಲ್ಲಿ ಬೆಳೆಸಿ ಉಳಿಸುತ್ತೇವೆ, ಬೀಜ ಕೊಡಿ ಎಂದು ಕೇಳಿದರಂತೆ. ನೀವು ಬಾಗಿಲಲ್ಲೇ ನಿಲ್ಲಿಸಿ, 'ಎಲ್ಲಾ ಬಿಸಾಕಿದೀನಿ, ಹೋಗಿ' ಎಂದಿರಂತೆ. ಅವಳು ಇನ್ನೊಂದು ವರ್ಷ ನೋಡಿ ಕೊಡುತ್ತೇನೆಂದು ಉದ್ಯಾನಕ್ಕೂ ಒಂದು ಕಾಳು ಕೊಟ್ಟಿರಲಿಲ್ಲವಂತೆ.

ತಲೆ ಬೋಳಿಸುವುದು ನನ್ನ ಕಸುಬು. ನೀವು ನನ್ನದನ್ನೇ ಬೋಳಿಸಿದಿರಿ, ಒಂದು ಹನಿ ನೀರೂ ಹಾಕದೆ.

ಬೀಜ ಇಲ್ಲ ಎಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಅಂಗಡಿಯ ಕಾಳು ಕೊಟ್ಟಿರಿ, ಹೋಗಲಿ. ಆದರೆ ಕೆಡಿಸಿದವನು ನಾನು ಎಂದು ಒಪ್ಪಿಸಿದಿರಲ್ಲ? ಮಗಳ ಹುಲ್ಲನ್ನು ಕೊಂದೆ ಎಂದು ಒಂದು ತಿಂಗಳು ನಾನು ಅನ್ನದ ಮುಂದೆ ಕೂತು ಎದ್ದಿದ್ದೇನೆ. ಅವಳು ನನ್ನ ಹೆಸರಿಡೋಣ ಎಂದದ್ದೂ ನೀವು ಕಟ್ಟಿದ್ದೇ ಇರಬೇಕು.

ನಿಮ್ಮ ಹಕ್ಕಿಕಾಳಿನ ಬೆಳೆಯನ್ನು ಕತ್ತರಿಯಲ್ಲೇ ಕತ್ತರಿಸಿದೆ, ಬುಡಕ್ಕೆ.


ಆಗಸ್ಟ್ ೨೮

ಮಾವನವರಿಗೆ,

ಹೌದು, ಗಿಳಿ ಅಂಗಡಿಯ ಕಾಳು. ಡಬ್ಬಿಯೂ ಇರಲಿಲ್ಲ, ಅಟ್ಟವೂ ಇಲ್ಲ. ಬಿತ್ತುವ ಕ್ರಮ ಅಂಗಡಿಯವನು ಹೇಳಿದ್ದು. ನೀವು ಬಂದು ಹೋದ ಮರುದಿನ ಪೆಟ್ಟಿಗೆಗಳನ್ನೂ ಬೀಜದ ಶೀಷೆಯನ್ನೂ ತಾರಸಿಯಿಂದ ಹಿಂದಿನ ಖಾಲಿ ಜಾಗಕ್ಕೆ ನಾನೇ ಎಸೆದೆ. ಇವತ್ತಿದ್ದರೆ ಇವತ್ತೂ ಎಸೆಯುತ್ತಿದ್ದೆ.

ಈಗ ನೀವೂ ಕೇಳಿ. ಅವಳು ನಿದ್ದೆಯಲ್ಲಿ ಹೋಗಲಿಲ್ಲ.

ಹೃದಯ ದುರ್ಬಲವಾಗಿದೆ, ಮೆಟ್ಟಿಲು ಹತ್ತಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ನಿಮಗೆ ತಿಳಿಸಬೇಡ ಎಂದವಳು ಅವಳೇ. 'ಅಪ್ಪಂಗೆ ಹೇಳಿದ್ರೆ ಅಂಗಡಿ ಮುಚ್ಚಿ ಬಂದು ತಲೆದೆಸೇಲಿ ಕೂತ್ಬಿಡ್ತಾರೆ' ಎಂದಳು. ನಮ್ಮ ಲಿಫ್ಟು ಕೊನೆಯ ಮಹಡಿಗೆ ನಿಲ್ಲುತ್ತದೆ. ಅಲ್ಲಿಂದ ತಾರಸಿಗೆ ಮೆಟ್ಟಿಲೇ ಗತಿ, ಮೇಲೆ ನಲ್ಲಿಯೂ ಇಲ್ಲ. ಕೆಲಸಕ್ಕೆ ಹೋಗುವ ಮುಂಚೆ ನಾನೇ ನೀರು ಹೊತ್ತು ಹಾಕುತ್ತಿದ್ದೆ. ನಾನು ಹೋದ ಮೇಲೆ ಅವಳು ಮತ್ತೆ ಹತ್ತುತ್ತಿದ್ದಳು. ನನ್ನ ಕೈಯ ನೀರು ಸಾಲದು ಎನ್ನುತ್ತಿದ್ದಳು. ಜಗಳವಾಡಿ ತಾರಸಿಯ ಬೀಗದಕೈ ಕಿತ್ತುಕೊಂಡೆ. ಮಾತು ಬಿಟ್ಟಳು, ಆದರೆ ಹತ್ತುವುದನ್ನೂ ಬಿಟ್ಟಳು. ಮುಖಕ್ಕೆ ಸ್ವಲ್ಪ ಬಣ್ಣವೂ ಬಂದಿತ್ತು.

ಆಗ ನಿಮ್ಮ ಕಾಗದ ಬಂತು. 'ಈ ವರ್ಷವೊಂದು ಕೈ ಬಿಡಬೇಡ ಮಗಳೇ, ಅರ್ಧಕ್ಕೆ ಬಿಟ್ಟ ಕೆಲಸ ಅರ್ಧ ಬೋಳಿಸಿದ ತಲೆಯ ಹಾಗೆ, ಯಾರಿಗೂ ತೋರಿಸಲಾಗದು' ಎಂದು ಬರೆದಿದ್ದಿರಿ. ನನಗೆ ಗಟ್ಟಿಯಾಗಿ ಓದಿ ಹೇಳಿ ನಕ್ಕಳು. ಮರುದಿನ ಕಾವಲುಗಾರನ ಹತ್ತಿರ ಇನ್ನೊಂದು ಬೀಗದಕೈ ಈಸಿಕೊಂಡು ಬಕೆಟ್ಟು ಎತ್ತಿಕೊಂಡು ಹೋದಳು. ನಾನು ಕೆಲಸದಿಂದ ಬಂದಾಗ ಮನೆಯ ಬಾಗಿಲು ತೆರೆದೇ ಇತ್ತು. ಮೇಲೆ ಹೋದರೆ ತಾರಸಿಯಲ್ಲಿ, ಬೋರಲು ಹಾಕಿದ ಬಕೆಟ್ಟಿನ ಪಕ್ಕದಲ್ಲಿ ಬಿದ್ದಿದ್ದಳು. ಅವಳು ಬಕೆಟ್ಟಿನ ಮೇಲೆ ಕೂರುತ್ತಿದ್ದಳೆಂದು ಬರೆದಿದ್ದೆನಲ್ಲ, ಅದೊಂದು ಸುಳ್ಳಲ್ಲ.

ಲಿಫ್ಟ್ ರಿಪೇರಿಯವನ ಹೆಂಡತಿ ಮೆಟ್ಟಿಲು ಹತ್ತಿ ಸತ್ತಳು. ನಿಮ್ಮ ಅಂಗಡಿಯಲ್ಲಿ ಹೇಳಿ ನಗಲು ಒಳ್ಳೆಯ ಜೋಕು.

ಹುಲ್ಲು ಮಾತ್ರ ಚೆನ್ನಾಗಿತ್ತು ಮಾವ. ಅವಳನ್ನು ಎತ್ತಿಕೊಂಡು ಹೊರಟಾಗ ಗಾಳಿಗೆ ತಲೆಯಾಡಿಸುತ್ತ ನಿಂತಿತ್ತು, ಒಂದು ಕಾಳೂ ಉದುರಿಸದೆ. ಅದಕ್ಕೇ ಎಸೆದೆ.


ನವೆಂಬರ್ ೧೪

ಮಾವನವರಿಗೆ ನಮಸ್ಕಾರಗಳು.

ನೀವು ಉತ್ತರ ಬರೆಯಲಿಲ್ಲ. ಬರೆಯುತ್ತೀರೆಂದು ನಾನೂ ಎಣಿಸಿರಲಿಲ್ಲ. ಆದರೂ ಬರೆಯದೆ ವಿಧಿಯಿಲ್ಲ.

ನಮ್ಮ ಹಿಂದಿನ ಖಾಲಿ ಜಾಗದಲ್ಲಿ ಕಟ್ಟಡ ಏಳುತ್ತಿದೆ. ಮಣ್ಣೆತ್ತುವ ಯಂತ್ರ ಬಂದು ಎಲ್ಲವನ್ನೂ ಕೆರೆದುಹಾಕಿತು. ಹೋದ ಭಾನುವಾರ ಒಣಹಾಕಿದ್ದ ನನ್ನ ಅಂಗಿ ಗಾಳಿಗೆ ಹಾರಿ ಅಲ್ಲಿ ಬಿತ್ತು. ತರಲು ಇಳಿದೆ. ಹಳೆಯ ಗೋಡೆಯ ಮೂಲೆಯಲ್ಲಿ, ಯಂತ್ರದ ಕೈ ಹೋಗದ ಕಡೆ, ಒಡೆದ ಪೆಟ್ಟಿಗೆಯ ಹಲಗೆಯೊಂದು ನಿಂತಿತ್ತು. ಅದರ ಮರೆಯಲ್ಲಿ ಒಂದು ಗಿಡ, ಪೂರ್ತಿ ಒಣಗಿತ್ತು, ಎಲೆಯೆಲ್ಲ ಕಾಗದದ ಹಾಗೆ. ತೆನೆಗಳು ಮಾತ್ರ ತುಂಬಿದ್ದವು.

ಅಲ್ಲಾಡಿಸಿದೆ. ಬೀಳಲಿಲ್ಲ. ಇನ್ನೂ ಜೋರಾಗಿ ಗೋಡೆಗೆ ಬಡಿದೆ. ಮಾವ, ಒಂದೂ ಬೀಳಲಿಲ್ಲ.

ಬಹಳ ಹೊತ್ತು ಅಲ್ಲೇ ಕೂತಿದ್ದೆ. ಕೆಲಸದವರು ಬಂದು, 'ಏನಾದ್ರೂ ಕಳ್ಕೊಂಡ್ರಾ?' ಎಂದು ಕೇಳಿದರು. ತೆನೆಗಳನ್ನು ಮನೆಗೆ ತಂದು, ಲಕೋಟೆಯಲ್ಲಿ ಹಿಡಿಸಲೆಂದು ಅಂಗೈಯಲ್ಲಿ ಉಜ್ಜಿ ಬಿಡಿಸಿದೆ. ಅಂಗೈ ಸುಲಿದು ಹೋಯಿತು, ಅಷ್ಟು ಬಿಗಿ. ಉದ್ಯಾನಕ್ಕೆ ಕೊಡಬೇಕಿತ್ತು, ಆ ಬಾಗಿಲಿಗೆ ಹೋಗುವ ಮುಖ ನನಗಿಲ್ಲ. ಇದು ಮೊದಲು ನಿಮಗೆ ಸೇರಬೇಕಾದದ್ದು. ಬೆಳೆಸುವುದು ಈಗ ನಿಮಗೆ ಬರುತ್ತದೆ, ನನ್ನ ಕೈಯಲ್ಲಿ ಏನೂ ಬದುಕುವುದಿಲ್ಲ. ಅದಕ್ಕೆ ಎಲ್ಲವನ್ನೂ ಕಳಿಸಿದ್ದೇನೆ, ಒಂದು ಕಾಳೂ ಇಟ್ಟುಕೊಂಡಿಲ್ಲ.

ಕ್ಷಮಿಸಿ ಎಂದು ಬರೆಯುವುದಿಲ್ಲ. ಬಿತ್ತಿ, ಅಷ್ಟೇ.

ನಿಮ್ಮ ಅಳಿಯ


ಡಿಸೆಂಬರ್ ೨

ಲಿಫ್ಟ್ ರಿಪೇರಿಯವರಿಗೆ,

ನಿಮ್ಮ ಪೊಟ್ಟಣ ಬಂತು. ಕಾಗದವನ್ನೂ ಓದಿದೆ. ಹಾರಿದ ಅಂಗಿ, ಮುರಿದ ಹಲಗೆ, ಸುಲಿದ ಅಂಗೈ, ಎಲ್ಲ ಚೆನ್ನಾಗಿದೆ. ಕೆಂಪು ದಾರದ ಕಾಗದವೂ ಇಷ್ಟೇ ಚೆನ್ನಾಗಿತ್ತು. ಅದನ್ನು ಮಡಿಕೆ ಹರಿಯುವಷ್ಟು ಓದಿದವನು ನಾನು.

'ಬಿತ್ತಿ ನೋಡಿ ಯಜಮಾನ್ರೇ, ಹೋಗೋದೇನು?' ಎಂದು ಎರಡನೇ ಕುರ್ಚಿಯವನು ಚೀಟಿಯಲ್ಲಿ ಬರೆದು ತೋರಿಸಿದ. ಹೋಗುವುದೇನೆಂದು ಅವನಿಗೆ ಗೊತ್ತಿಲ್ಲ. ಮೊಳಕೆ ನೋಡಿ ಅಳುವುದು, ಹಕ್ಕಿ ಕಾಯುವುದು, ಕೊನೆಗೊಂದು ಬೆಳಿಗ್ಗೆ ಬಟ್ಟೆ ಎತ್ತುವುದು, ಇನ್ನೊಮ್ಮೆ ಅಷ್ಟಕ್ಕೆ ನನ್ನ ಎದೆಯಲ್ಲಿ ಜಾಗವಿಲ್ಲ.

ಇನ್ನೊಂದೂ ಇದೆ. ನನ್ನ ಕಾಗದ ಓದಿ ಅವಳು ಬಕೆಟ್ಟು ಎತ್ತಿದಳು ಎಂದು ಬರೆದಿರಿ. ಆ ಸಾಲು ಓದಿದ ಮೇಲೆ ನಾನು ಕ್ಷೌರದ ಕತ್ತಿ ಹಿಡಿದಿಲ್ಲ. ಈಗ ಗಿರಾಕಿಗಳೆಲ್ಲ ಎರಡನೇ ಕುರ್ಚಿಗೇ ಹೋಗುತ್ತಾರೆ. ಯೋಚಿಸಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ನೀವು ಸುಳ್ಳುಗಾರರು. ಹೇಳಿದ್ದೆಲ್ಲ ಸುಳ್ಳು. ಆ ಒಂದು ಮಾತು ಸುಳ್ಳಾಗಬೇಕಾದರೆ ಮಿಕ್ಕದ್ದೂ ಸುಳ್ಳಾಗಲೇಬೇಕು. ಈ ಕಾಳನ್ನು ನಂಬಿದರೆ ಆ ಕಾಗದವನ್ನೂ ನಂಬಬೇಕಾಗುತ್ತದೆ. ಅದು ನನ್ನಿಂದಾಗದು.

ಅಂಗಡಿಯ ಮುಂದೆ ಪಾರಿವಾಳಗಳು ಇಳಿಯುತ್ತವೆ. ಪೊಟ್ಟಣ ಬಿಚ್ಚಿ ಬೀದಿಗೆ ಚೆಲ್ಲಿದೆ. ಒಂದು ಗಡ್ಡ ಬೋಳಿಸುವಷ್ಟು ಹೊತ್ತಿನಲ್ಲಿ ನೆಲ ಚೊಕ್ಕಟವಾಯಿತು.

ಇನ್ನು ಬರೆಯಬೇಡಿ.


ಡಿಸೆಂಬರ್ ೧೯

ಮಾವನವರಿಗೆ ನಮಸ್ಕಾರಗಳು.

ಬರೆಯಬೇಡಿ ಎಂದಿದ್ದೀರಿ. ಇದೊಂದೇ, ಆಮೇಲೆ ಬರೆಯುವುದಿಲ್ಲ. ಈ ನಾಲ್ಕು ಸಾಲಿಗೆ ಇಷ್ಟು ದಿನ ಹಿಡಿಯಿತು, ಎರಡು ಸಲ ಬರೆದು ಹರಿದುಹಾಕಿದೆ.

ನೀವು ಊಹಿಸಿದ್ದೇ ಸರಿ. ನಿಮ್ಮ ಆ ಕಾಗದವನ್ನು ಅವಳು ಓದಲೇ ಇಲ್ಲ. ಅದು ನಮ್ಮ ಮನೆಗೆ ಬಂದು ತಲುಪಿದ್ದು ಅವಳು ಹೋದ ಮೇಲೆ. ಒಡೆದು ಓದಿದವನು ನಾನು. ನಿಮ್ಮ ಮೇಲಿನ ಸಿಟ್ಟಿಗೆ, ಅವಳು ಓದಿದಳು, ನಕ್ಕಳು ಎಂದೆಲ್ಲ ಹೆಣೆದೆ. ನಿಮ್ಮ ಮಾತಿಗೂ ಅವಳು ಮೆಟ್ಟಿಲು ಹತ್ತಿದ್ದಕ್ಕೂ ಸಂಬಂಧವಿಲ್ಲ. ಯಾರು ಹೇಳಿದರೂ ಹೇಳದಿದ್ದರೂ ಅವಳು ಹತ್ತುತ್ತಿದ್ದಳು. ಇದೊಂದನ್ನು ನಂಬಿ, ನೀವು ಕತ್ತಿ ಹಿಡಿಯಿರಿ.

ಗೋಡೆಯ ಮೂಲೆಯಲ್ಲಿ ಗಿಡವೂ ಇರಲಿಲ್ಲ. ಪಾರಿವಾಳಕ್ಕೆ ಹಾಕಿದ್ದು ಒಳ್ಳೆಯದೇ ಆಯಿತು ಮಾವ. ಅದು ಅವುಗಳಿಗೆಂದೇ ಮಾರುವ ಕಾಳು.

ನಿಮ್ಮ ಅಳಿಯ